ವೆಂಕಟಸುಬ್ಬಯ್ಯನವರ ಬುಲೆಟ್ಟು ಘಾಟಿ ಹತ್ತಿದ್ದು

ಆಂಟಾಪ್ ಹಿಲ್ಲಿನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ವೆಂಕಟಸುಬ್ಬಯ್ಯನವರ ಬುಲೆಟ್ಟನ್ನು ಕಂಡವರಿಗಿಂತ ಅದರ ಮೇಲೆ ಹೊದಿಸಿದ್ದ ಹಳೆಯ ಜಮಖಾನೆಯನ್ನು ಕಂಡವರೇ ಹೆಚ್ಚು. ಬಲ್ಲಾರ್ಡ್ ಪಿಯರಿನ ಕಚೇರಿಗೆ ಅವರು ದಿನವೂ ಹಾರ್ಬರ್ ಲೈನಿನ ಲೋಕಲ್ಲಿನಲ್ಲಿ ನೇತಾಡಿಕೊಂಡೇ ಹೋಗಿಬರುತ್ತಿದ್ದರು. ಮನೆಯ ಕೆಳಗೇ ಗಾಡಿ ನಿಂತಿರುವಾಗ ಈ ಪಾಡೇಕೆ ಎಂದು ಯಾರಾದರೂ ಕೇಳಿದರೆ ಅವರ ಮುಖ ಸಣ್ಣಗಾಗುತ್ತಿತ್ತು.

"ಅದು ಟೂರಿಂಗ್ ಗಾಡಿ ಕಣ್ರೀ. ಫೈಲು ಹೊರೋಕೆಲ್ಲ ಅದನ್ನ ಎಬ್ಬಿಸಬಾರದು" ಎನ್ನುತ್ತಿದ್ದರು, ಮಲಗಿದ ಮಗುವಿನ ವಿಷಯ ಹೇಳುವವರ ಹಾಗೆ.

ಶ್ರೀರಂಗಪಟ್ಟಣದ ಕಡೆಯ ಮನುಷ್ಯ. ಚಿಕ್ಕ ವಯಸ್ಸಿನಲ್ಲೇ ಪರೀಕ್ಷೆ ಬರೆದು ಗುಮಾಸ್ತನಾಗಿ ಮುಂಬಯಿಗೆ ಬಂದು, ನಿಧಾನವಾಗಿ ಸೂಪರಿಂಟೆಂಡೆಂಟ್ ಆಗಿದ್ದರು. ಕಚೇರಿಯಲ್ಲಿ ಗಟ್ಟಿ ದನಿ ಎತ್ತಿದವರಲ್ಲ. ಸ್ಟೇಷನ್ನಿನಲ್ಲಿ ಯಾರಾದರೂ ಕಾಲು ತುಳಿದರೆ ತಾವೇ ಕ್ಷಮೆ ಕೇಳುವ ಸ್ವಭಾವ. ಆದರೆ ಪುಣೆಯಲ್ಲಿ ಸೈನ್ಯದವರ ಹರಾಜಿನಲ್ಲಿ ಆ ಗಾಡಿಯನ್ನು ಕೊಂಡಂದಿನಿಂದ ಅವರ ಒಳಗೆ ಒಬ್ಬ ಬೇರೆ ವೆಂಕಟಸುಬ್ಬಯ್ಯ ಸೇರಿಕೊಂಡಿದ್ದ. ಅವನು ವರ್ಷಕ್ಕೊಮ್ಮೆ, ಮೇ ತಿಂಗಳಿನಲ್ಲಿ, ಕಪ್ಪು ಕನ್ನಡಕ ಹಾಕಿ ಹೊರಗೆ ಬರುತ್ತಿದ್ದ. ಹೆಂಡತಿ ಪುಟ್ಟಲಕ್ಷ್ಮಿಯನ್ನು ಹಿಂದೆ ಕೂರಿಸಿಕೊಂಡು, ಪುಣೆ, ಕೊಲ್ಹಾಪುರ, ಹುಬ್ಬಳ್ಳಿಯ ಮೇಲೆ ಮೈಸೂರಿನವರೆಗೆ ರಸ್ತೆಯಲ್ಲೇ ಹೋಗುತ್ತಿದ್ದ. ಹಾಸಿಗೆ, ಸೀಮೆಎಣ್ಣೆ ಸ್ಟವ್, ನೀರಿನ ಕ್ಯಾನು, ಹೆಚ್ಚಿನ ಟೈರು, ಕ್ಲಚ್ಚಿನ ಕೇಬಲ್ಲು, ಮಳೆ ಬಂದರೆ ಎಂದು ತಾರ್ಪಾಲು, ಇವನ್ನೆಲ್ಲ ಇಬ್ಬರ ಸುತ್ತ ಕಟ್ಟಿಕೊಂಡು ಹೊರಟರೆ ಗಾಡಿ ಎಲ್ಲಿ ಮುಗಿಯಿತು, ಸಂಸಾರ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟವಾಗುತ್ತಿತ್ತು.

ದಾರಿಯುದ್ದಕ್ಕೂ ಅವರು ಮಾತಾಡುತ್ತಿದ್ದರು. ವರ್ಷವಿಡೀ ಕಚೇರಿಯಲ್ಲಿ ಆಡದೆ ಉಳಿಸಿಕೊಂಡದ್ದೆಲ್ಲ ಆಗ ಹೊರಬರುತ್ತಿತ್ತು. ಮೊದಮೊದಲು ಪುಟ್ಟಲಕ್ಷ್ಮಿ ಉತ್ತರ ಕೊಡುತ್ತಿದ್ದರು. ಉತ್ತರ ಕೇಳಿಸಿಕೊಳ್ಳಲು ಗಂಡ ಹಿಂದಕ್ಕೆ ತಿರುಗುವುದು, ಗಾಡಿ ಎದುರಿನ ಲಾರಿಯ ಕಡೆಗೆ ವಾಲುವುದು, ಇದು ಒಂದೆರಡು ಸಲ ನಡೆದ ಮೇಲೆ ಅವರು ತುಟಿ ಹೊಲಿದುಕೊಂಡರು. ಹತ್ತಿ ಕೂತಾದ ಮೇಲೆ ಗಂಡನ ಭುಜವನ್ನು ಎರಡು ಸಲ ತಟ್ಟುವುದು, ಅಷ್ಟೇ ಅವರ ಮಾತು. ತಟ್ಟಿದರೆ ಹೊರಡಬಹುದು ಎಂದರ್ಥ.

ಎಲ್ಲ ಚೆನ್ನಾಗಿತ್ತು, ಘಾಟಿಗಳನ್ನು ಬಿಟ್ಟು, ಅದರಲ್ಲೂ ಖಂಡಾಳಾ ಘಾಟಿಯನ್ನು. ಖೋಪೋಲಿಯಿಂದ ಮೇಲೇರುವ ಆ ರಸ್ತೆಯಲ್ಲಿ ಅರ್ಧಕ್ಕೆ ಬರುತ್ತಿದ್ದ ಹಾಗೆ ಎಂಜಿನ್ ಏದುಸಿರು ಬಿಡುತ್ತಿತ್ತು. ಪುಟ್ಟಲಕ್ಷ್ಮಿ ಹೇಳಿಸಿಕೊಳ್ಳದೆ ಇಳಿದು ಸೆರಗು ಸಿಕ್ಕಿಸಿ ನಡೆಯುತ್ತಿದ್ದರು. ಎಂಬತ್ತಾರನೇ ಇಸವಿಯಲ್ಲಿ ಹೀಗೆ ನಡೆಯುತ್ತಿದ್ದಾಗ ಪಕ್ಕದಲ್ಲಿ ಪುಣೆಯ ಬಸ್ಸೊಂದು ನಿಧಾನಿಸಿತು. ಕಿಟಕಿಯಿಂದ ತಲೆ ಹಾಕಿದವರು ಗಂಡನ ಸಹೋದ್ಯೋಗಿಯ ಹೆಂಡತಿ ವನಮಾಲಾ.

"ಏನ್ರೀ ಪುಟ್ಟಲಕ್ಷ್ಮಿ, ಮೈಸೂರಿಗೆ ಈ ಸಲ ನಡ್ಕೊಂಡೇ ಹೊರಟ್ರಾ?"

ಬಸ್ಸೆಲ್ಲ ನಕ್ಕಿತು. ಪುಟ್ಟಲಕ್ಷ್ಮಿ ಆ ನಗುವನ್ನು ಮೈಸೂರು ಮುಟ್ಟುವವರೆಗೆ ಹೊತ್ತುಕೊಂಡು ಹೋದರು. ಮುಟ್ಟಿದ ಮೇಲೆ ಕಾಲು ತೊಳೆಯುತ್ತಾ ಹೇಳಿದರು: "ಮುಂದಿನ ವರ್ಷ ಒಂದೋ ಆ ಘಾಟಿಯನ್ನ ನಾನು ಕೂತೇ ಹತ್ತಬೇಕು, ಇಲ್ಲಾ ನಾನು ರೈಲಲ್ಲಿ ಬರ್ತೀನಿ. ನೀವು ನಿಮ್ಮ ಟೈರನ್ನ ಹಿಂದೆ ಕೂರಿಸ್ಕೊಂಡು ಬನ್ನಿ."

ರೈಲು ಎಂಬ ಮಾತು ವೆಂಕಟಸುಬ್ಬಯ್ಯನವರಿಗೆ ಎದೆಗೇ ನಾಟಿತು. ಅಂದಿನಿಂದ ಅವರು ಎಂಜಿನ್ನಿನ ಬಲ ಹೆಚ್ಚಿಸುವ ದಾರಿ ಹುಡುಕತೊಡಗಿದರು. ಎರಡು ದಾರಿ ಸಿಕ್ಕಿದವು. ಒಂದು ಪುಟ್ಟಲಕ್ಷ್ಮಿಯ ತಮ್ಮ ಸತ್ಯಮೂರ್ತಿ. ಪವಾಯಿಯ ದೊಡ್ಡ ಎಂಜಿನಿಯರಿಂಗ್ ಸಂಸ್ಥೆಯ ಎಂಜಿನ್ ಲ್ಯಾಬಿನಲ್ಲಿ ಕೆಲಸ. ಇನ್ನೊಂದು ವಡಾಲಾದ ರಸ್ತೆಬದಿಯಲ್ಲಿ ಗ್ಯಾರೇಜಿಟ್ಟಿದ್ದ ವಿಜಾಪುರದ ಗುರಲಿಂಗಪ್ಪ. ಇಬ್ಬರಿಗೂ ತಮ್ಮ ವಿದ್ಯೆಯ ಮೇಲೆ ಅಪಾರ ನಂಬಿಕೆ.

ಗುರಲಿಂಗಪ್ಪ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಸೈಲೆನ್ಸರಿಗೆ ಕಾಲಿನಿಂದ ತಟ್ಟಿದ.

"ಸಾಹೇಬ್ರ, ಎಂಜಿನ್ನಿಗೆ ಉಸರಾಡಾಕ ಬಿಡ್ರಿ. ಹಿಂದ ಬಾಯಿ ಕಟ್ಟಿ ಮುಂದ ಓಡು ಅಂದ್ರ ಹ್ಯಾಂಗ ಓಡತೈತಿ? ಇದನ್ನ ತಗದು ಸಾಫ್ ನಳಗಿ ಹಾಕೂಣು. ರೇಸಿನ ಮಂದಿ ಎಲ್ಲಾ ಅದನ್ನ ಹಾಕ್ತಾರ."

ರೇಸಿನ ಮಂದಿ ಎಂದ ಮೇಲೆ ವೆಂಕಟಸುಬ್ಬಯ್ಯನವರು ಬೇರೇನೂ ಕೇಳಲಿಲ್ಲ. ಒಳಗೆ ಅಡ್ಡವೇ ಇಲ್ಲದ ನಳಿಗೆ ಬಂತು. ಭಾನುವಾರ ಬೆಳಿಗ್ಗೆ ಬಿಲ್ಡಿಂಗಿನ ಕೆಳಗೆ ಅವರು ಕಿಕ್ ಹೊಡೆದರು. ಆ ಸದ್ದಿಗೆ ಕಾಗೆಗಳೆಲ್ಲ ಒಮ್ಮೆಗೇ ಎದ್ದು ಸಮುದ್ರದ ಕಡೆಗೆ ಹೋದವು. ಕೆಳಮನೆಯ ಇಂದ್ರಾಬಾಯಿಯ ಅಡುಗೆಮನೆಯಲ್ಲಿ ಕಂಬಿಯ ಮೇಲಿದ್ದ ಸ್ಟೀಲ್ ಡಬ್ಬಿಗಳು ಒಂದರ ಹಿಂದೊಂದು ಉರುಳಿದವು. ಇಂದ್ರಾಬಾಯಿ ಬೆಳಗಾವಿ ಕಡೆಯವರು. ನೆಗ್ಗಿದ ಡಬ್ಬಿಯೊಂದನ್ನು ಹಿಡಿದುಕೊಂಡೇ ಹೊರಗೆ ಬಂದರು.

"ಸಾಹೇಬ್, ಇದು ಗಾಡಿನೋ ತೋಫೋ? ನಮ್ಮ ಅತ್ತಿ ದೇವರ ಮುಂದ ಕುಂತಾಕಿ ಹಂಗ ಅಡ್ಡ ಬಿದ್ದಾಳ. ನಮಸ್ಕಾರ ಮಾಡಾಕ ಅಲ್ಲ!"

ಸಂಜೆಯೊಳಗೆ ಹಳೆಯ ಸೈಲೆನ್ಸರು ವಾಪಸ್ಸು ಬಂತು.

ಇದನ್ನು ಕೇಳಿ ಸತ್ಯಮೂರ್ತಿಗೆ ಒಳಗೊಳಗೇ ಖುಷಿಯಾಯಿತು. "ಭಾವ, ಸದ್ದಿಂದ ಪವರ್ ಬರೋ ಹಾಗಿದ್ರೆ ಆಂಬೊಡೆ ಕರಿಯೋ ಬಾಣಲೇನೂ ಓಡ್ತಿತ್ತು. ಒಳಗಡೆ ಒತ್ತಡ ಜಾಸ್ತಿ ಮಾಡಬೇಕು. ತಲೆ ಎತ್ತರ ಇರೋ ಪಿಸ್ಟನ್ ಹಾಕೋಣ. ಗಾಳಿ ಪೆಟ್ರೋಲು ಚೆನ್ನಾಗಿ ಅದುಮಿಕೊಂಡು ಉರಿಯುತ್ತೆ. ಸಿಂಪಲ್ ಥರ್ಮೋಡೈನಮಿಕ್ಸ್" ಎಂದ.

ಆ ಪಿಸ್ಟನ್ನನ್ನು ಅವನು ಯಾರನ್ನೋ ಹಿಡಿದು ಮಾಡಿಸಿ ತಂದ. ಗುರಲಿಂಗಪ್ಪನೇ ಮೂಗು ಮುರಿಯುತ್ತಾ ಅದನ್ನು ಕೂರಿಸಿದ. ವೆಂಕಟಸುಬ್ಬಯ್ಯನವರು ಎಂದಿನಂತೆ ಕಿಕ್ ಹೊಡೆದರು. ಎಂಜಿನ್ ಅದನ್ನು ಸ್ವೀಕರಿಸಲಿಲ್ಲ, ಅಷ್ಟೇ ಜೋರಾಗಿ ಹಿಂದಿರುಗಿಸಿತು. ಅವರು ಗಾಡಿಯ ಮೇಲಿಂದ ಎದ್ದು, ಬಿಲ್ಡಿಂಗಿನ ದಾಸವಾಳದ ಬೇಲಿಯಲ್ಲಿ ಕೂತರು. ಏನಾಯಿತೆಂದು ತಿಳಿಯುವಷ್ಟರಲ್ಲಿ ಬಲಗಾಲು ಊದಿಕೊಂಡಿತ್ತು.

ಕಾಲಿನ ಊತ ಇಳಿದ ಮೇಲೆ ಗುರಲಿಂಗಪ್ಪನ ಕೈಯಲ್ಲಿ ಕಿಕ್ ಹೊಡೆಸಿ ಟ್ರಾಂಬೆಯವರೆಗೆ ಹೋಗಿ ನೋಡಿದರು. ಸ್ವಲ್ಪ ಏರು ಬಂದರೂ ಎಂಜಿನ್ನಿನ ಒಳಗೆ ಒಗ್ಗರಣೆಗೆ ಸಾಸಿವೆ ಹಾಕಿದಂತೆ ಚಟಪಟ ಸದ್ದು. ಬಂಕಿನಲ್ಲಿ ಸಿಗುತ್ತಿದ್ದ ಪೆಟ್ರೋಲು ಆ ಒತ್ತಡ ತಾಳುವುದಿಲ್ಲ ಎಂದು ಸತ್ಯಮೂರ್ತಿ ಒಪ್ಪಿಕೊಂಡ. ಅದಕ್ಕೆ ವಿಮಾನದ ಪೆಟ್ರೋಲು ಬೇಕಂತೆ.

"ಖೋಪೋಲಿಯಲ್ಲಿ ವಿಮಾನದ ಪೆಟ್ರೋಲ್ ಎಲ್ಲಿ ಸಿಗುತ್ತೋ?" ಎಂದು ಪುಟ್ಟಲಕ್ಷ್ಮಿ ತಮ್ಮನನ್ನು ಕೇಳಿದರು. ಅವನು ಕಾಫಿ ಲೋಟದೊಳಗೆ ನೋಡಿದ.

ಯುಗಾದಿ ಕಳೆದಿತ್ತು. ವೆಂಕಟಸುಬ್ಬಯ್ಯನವರು ಸರ್ಕಾರಿ ನೌಕರರು ಕೊನೆಗೆ ಮಾಡುವ ಕೆಲಸವನ್ನೇ ಮಾಡಿದರು, ಮೀಟಿಂಗ್ ಕರೆದರು. ಭಾನುವಾರ ಮಧ್ಯಾಹ್ನ ಸತ್ಯಮೂರ್ತಿಯೂ ಗುರಲಿಂಗಪ್ಪನೂ ಮೊದಲ ಸಲ ಎದುರುಬದುರು ಕೂತು ಬಿಸಿಬೇಳೆಬಾತ್ ತಿಂದರು. ಒಬ್ಬ ಒತ್ತಡ ಎಂದರೆ ಇನ್ನೊಬ್ಬ ಉಸಿರು ಎಂದ. ತಿನ್ನುತ್ತಾ ತಿನ್ನುತ್ತಾ ಇಬ್ಬರೂ ಸ್ವಲ್ಪ ಮೆತ್ತಗಾದರು. ಪಿಸ್ಟನ್ನು ಹಳೆಯದೇ ಇರಲಿ ಎಂದು ಒಪ್ಪಿಗೆಯಾಯಿತು. ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರ್ ಮಾತ್ರ ದೊಡ್ಡದು ಹಾಕುವುದು, ಚೋರ್ ಬಜಾರಿನಲ್ಲಿ ಹಳೆಯ ಇಂಗ್ಲಿಷ್ ಗಾಡಿಯದೊಂದು ಸಿಗುತ್ತದೆ. ಇದು ಸತ್ಯಮೂರ್ತಿಯ ಪಾಲು. ಚೈನು ಕೂರುವ ಮುಂದಿನ ಹಲ್ಲಿನ ಚಕ್ರವನ್ನು ತೆಗೆದು ಕಮ್ಮಿ ಹಲ್ಲಿನ ಚಿಕ್ಕದನ್ನು ಹಾಕುವುದು, ಇದು ಗುರಲಿಂಗಪ್ಪನದು. ಓಟ ಕಡಿಮೆಯಾಗುತ್ತದೆ, ಎಳೆತ ಹೆಚ್ಚುತ್ತದೆ.

"ಆದ್ರೆ ಎಷ್ಟು ಹಲ್ಲು ಕಮ್ಮಿ ಮಾಡಬೇಕು ಅಂತ ಲೆಕ್ಕ ಹಾಕೋಕೆ ಒಟ್ಟು ಲೋಡ್ ಗೊತ್ತಾಗಬೇಕು ಭಾವ" ಎಂದ ಸತ್ಯಮೂರ್ತಿ. ನಂತರ ಅಡುಗೆಮನೆಯ ಕಡೆ ತಿರುಗಿ, ಮುಗ್ಧವಾಗಿ, "ಅಕ್ಕಾ, ನಿನ್ನ ತೂಕ ಎಷ್ಟು?" ಎಂದ.

ಒಳಗೆ ಸೌಟಿನ ಸದ್ದು ನಿಂತಿತು. ಗುರಲಿಂಗಪ್ಪ ತಟ್ಟೆ ಹಿಡಿದುಕೊಂಡೇ ಎದ್ದು ಕೈತೊಳೆಯಲು ಹೊರಟ. ಆ ದಿನ ಯಾರಿಗೂ ಮಜ್ಜಿಗೆ ಬರಲಿಲ್ಲ.

ಹೆಂಡತಿಯ ತೂಕವನ್ನು ವೆಂಕಟಸುಬ್ಬಯ್ಯನವರೇ ಅಂದಾಜು ಮಾಡಬೇಕಾಯಿತು. ಯೋಚಿಸಿ ನೋಡಿ, ಒಂದು ಅಕ್ಕಿಮೂಟೆಗೆ ಕಡಿಮೆಯಿಲ್ಲ ಎಂದು ಸತ್ಯಮೂರ್ತಿಯ ಕಿವಿಯಲ್ಲಿ ಹೇಳಿದರು. ಹೊಸ ಚಕ್ರ, ಹೊಸ ಕಾರ್ಬ್ಯುರೇಟರ್ ಎರಡೂ ಬಂದ ಮೇಲೆ ಪರೀಕ್ಷೆ ಮಾಡಬೇಕಿತ್ತು. ಪವಾಯಿ ಕೆರೆಯ ಹತ್ತಿರ ಒಳ್ಳೆಯ ಏರಿದೆ, ಬೆಳಿಗ್ಗೆ ಬೇಗ ಬಂದರೆ ಜನವಿರುವುದಿಲ್ಲ ಎಂದ ಸತ್ಯಮೂರ್ತಿ. ವೆಂಕಟಸುಬ್ಬಯ್ಯನವರು ಅಕ್ಕಿಮೂಟೆಯೊಂದನ್ನು ಹಿಂದಿನ ಸೀಟಿನ ಮೇಲೆ ನಿಲ್ಲಿಸಿದರು. ಗೋಣಿ ಒಂದು ಕಡೆ ಹರಿದಿತ್ತು. ಅಕ್ಕಿ ಸೋರಬಾರದೆಂದು ಹೆಂಡತಿಯ ಹಳೆಯ ಹಸಿರು ಸೀರೆಯನ್ನು ಅದಕ್ಕೆ ಸುತ್ತಿ ತಮ್ಮ ಸೊಂಟಕ್ಕೆ ಬಿಗಿದು ಕಟ್ಟಿಕೊಂಡು ಹೊರಟರು.

ಪುಟ್ಟಲಕ್ಷ್ಮಿ ಎದ್ದು ಹಾಲು ತರಲು ಕೆಳಗಿಳಿದಾಗ ಇಂದ್ರಾಬಾಯಿ ಬಾಗಿಲಲ್ಲೇ ನಿಂತಿದ್ದರು. ಡಬ್ಬಿಯ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ವಹಿನೀ, ನೀವು ಮನ್ಯಾಗ ಇದೀರಿ? ಹಂಗಾರ ಸಾಹೇಬ್ರ ಹಿಂದ ಕುಂತಾಕಿ ಯಾರು?"

"ಯಾರು ಕೂತಿದ್ರು?"

"ಹಸರ ಸೀರಿ. ಮೈತುಂಬ ಹೊದ್ದುಕೊಂಡು, ಮುಖಾನೂ ಕಾಣಸ್ಲಿಲ್ಲ ಬಿಡ್ರಿ. ಭಾಳ ಒತ್ತಿಕೊಂಡು ಕುಂತಿದ್ಳು."

ಪುಟ್ಟಲಕ್ಷ್ಮಿ ಹಾಲು ತರಲಿಲ್ಲ. ಮೆಟ್ಟಿಲ ಮೇಲೆ ಕೂತರು. ಗಂಡ ಬಂದದ್ದು ಬಿಸಿಲೇರಿದ ಮೇಲೆ, ಮುಖದ ತುಂಬ ಸಂಭ್ರಮ. ಸೊಂಟದ ಗಂಟು ಬಿಚ್ಚುವ ಮೊದಲೇ ಕೂಗಿದರು: "ಪುಟ್ಟೂ, ಪಾಸಾಯ್ತು! ಎಲ್ಲೂ ನಿಲ್ಲಲಿಲ್ಲ! ಪೂರ್ತಿ ಏರು ಸಲೀಸಾಗಿ ಹತ್ತಿಬಿಡ್ತು!"

ಪುಟ್ಟಲಕ್ಷ್ಮಿ ಮೆಟ್ಟಿಲಿಳಿದು ಬಂದು ಸೀರೆಯ ಸೆರಗನ್ನು ಎತ್ತಿ ಒಳಗೆ ನೋಡಿದರು. ಅಕ್ಕಿ ಕಂಡ ಮೇಲೆ ಒಂದು ಕ್ಷಣ ಸಮಾಧಾನವಾಯಿತು. ಮರುಕ್ಷಣವೇ ಅದು ಏನು, ಯಾಕೆ ಎಂಬುದು ಹೊಳೆಯಿತು.

"ಅಂದ್ರೆ ಇದು ನಾನು" ಎಂದರು.

"ಹಾಗಲ್ಲ ಪುಟ್ಟೂ, ಅಂದಾಜಿಗೆ..."

"ಒಂದು ಮೂಟೆ ನಾನು!"

"ಸತ್ಯ ಒಂದೂವರೆ ಅಂದ. ನಾನೇ ಬಿಡಲಿಲ್ಲ ಕಣೆ."

ಆ ವಾರವೆಲ್ಲ ಮನೆಯಲ್ಲಿ ಅನ್ನವೇ ಆಗಲಿಲ್ಲ, ಬರೀ ಚಪಾತಿ. ಸತ್ಯಮೂರ್ತಿ ತಿಂಗಳವರೆಗೆ ಆ ಕಡೆ ತಲೆ ಹಾಕಲಿಲ್ಲ. ಆದರೂ ಮೇ ತಿಂಗಳು ಬಂದಾಗ ಪುಟ್ಟಲಕ್ಷ್ಮಿ ಚಕ್ಕುಲಿ ಕರಿದು ಡಬ್ಬಿ ತುಂಬಿದರು. ರೈಲಿನ ಟಿಕೆಟ್ಟಿನ ಮಾತೆತ್ತಲಿಲ್ಲ. ಅವರಿಗೂ ಒಂದು ಆಸೆಯಿತ್ತು. ಆ ಘಾಟಿಯನ್ನು ರಾಣಿಯ ಹಾಗೆ ಕೂತು ಹತ್ತಬೇಕು. ಸಾಧ್ಯವಾದರೆ ಆಗ ಪಕ್ಕದಲ್ಲಿ ವನಮಾಲಾ ಕೂತ ಬಸ್ಸು ಕೆಟ್ಟು ನಿಂತಿರಬೇಕು.

ಬೆಳಕು ಹರಿಯುವ ಹೊತ್ತಿಗೆ ಆಂಟಾಪ್ ಹಿಲ್ ಬಿಟ್ಟರು. ಪನವೇಲು ದಾಟಿ, ಖೋಪೋಲಿಯಲ್ಲಿ ಘಾಟಿಯ ಬುಡದ ಚಹಾ ಅಂಗಡಿಯ ಮುಂದೆ ಎಂಜಿನ್ ಆರಲೆಂದು ನಿಂತರು. ಚಹಾ ಕುಡಿದಾಯಿತು. ವೆಂಕಟಸುಬ್ಬಯ್ಯನವರು ಚೈನು ಮುಟ್ಟಿ ನೋಡಿ, ಕಪ್ಪು ಕನ್ನಡಕ ಏರಿಸಿ, ಗಾಡಿ ಹತ್ತಿ ಕಿಕ್ ಹೊಡೆದರು. ಅವರ ಎದೆಯೂ ಎಂಜಿನ್ನೂ ಸಮಸಮವಾಗಿ ಹೊಡೆದುಕೊಳ್ಳುತ್ತಿದ್ದವು. ಹಿಂದೆ ಪುಟ್ಟಲಕ್ಷ್ಮಿ ತಿಂಡಿಯ ದೊಡ್ಡ ಚೀಲವನ್ನು ಸೀಟಿನ ಮೇಲಿಟ್ಟು ಅದರ ಪಟ್ಟಿಯನ್ನು ಹಾಸಿಗೆಯ ಹಗ್ಗಕ್ಕೆ ಸಿಕ್ಕಿಸಿದರು. ಆಗ ಫ್ಲಾಸ್ಕ್ ಚಹಾ ಅಂಗಡಿಯ ಬೆಂಚಿನ ಮೇಲೇ ಉಳಿದದ್ದು ನೆನಪಾಯಿತು. ಗಂಡನ ಭುಜ ತಟ್ಟಿ, "ಒಂದು ನಿಮಿಷ ಇರಿ, ಫ್ಲಾಸ್ಕ್ ತರ್ತೀನಿ" ಎಂದರು.

ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳಲಿಲ್ಲ. ತಟ್ಟಿದ್ದು ಮಾತ್ರ ಗೊತ್ತಾಯಿತು.

ಅಬ್ಬಾ, ಅದು ಏರಿದ ಪರಿಯೇ! ಗಾಡಿ ಜಿಂಕೆಯಂತೆ ಹೊರಟಿತು. ವೆಂಕಟಸುಬ್ಬಯ್ಯನವರ ಬಾಯಿಯೂ ಬಿಚ್ಚಿಕೊಂಡಿತು. "ನೋಡ್ದೆಯಾ ಪುಟ್ಟೂ? ಇದಕ್ಕೇ ಎಳೆತ ಅನ್ನೋದು! ಮೂರನೇ ಗೇರಲ್ಲೇ ಹತ್ತುತ್ತಾ ಇದೆ!" ಒಂದು ಲಾರಿಯನ್ನು ಹಿಂದೆ ಹಾಕಿದರು. ಇನ್ನೊಂದನ್ನು ಹಾಕಿದರು. ವರ್ಷ ವರ್ಷವೂ ಎಂಜಿನ್ ಕೈಕೊಡುತ್ತಿದ್ದ ತಿರುವು ಬಂತು, ಹೋಯಿತು. "ಇದೇ ಅಲ್ವಾ ನೀನು ಇಳೀತಿದ್ದ ಜಾಗ? ಇಳೀತೀಯಾ? ಹಹ್ಹಾ! ಅಕ್ಕಿಮೂಟೆ ವಿಷಯ ಇನ್ನು ಮರೆತುಬಿಡು ಕಣೆ. ಎಲ್ಲಾ ನಿನಗೋಸ್ಕರವೇ ಮಾಡಿದ್ದು. ನೀನು ಬಿಸಿಲಲ್ಲಿ ನಡೆಯೋದನ್ನ ಕನ್ನಡಿಯಲ್ಲಿ ನೋಡಿದಾಗೆಲ್ಲ ಗಾಡಿ ಅಲ್ಲೇ ಬಿಟ್ಟು ನಿನ್ನ ಜೊತೆ ನಡೀಬೇಕು ಅನ್ನಿಸ್ತಿತ್ತು. ಹೇಳಿರಲಿಲ್ಲ ಅಷ್ಟೇ." ಇಷ್ಟು ಮೃದುವಾದ ಮಾತನ್ನು ಅವರು ಮದುವೆಯಾದಾಗಿನಿಂದ ಆಡಿರಲಿಲ್ಲ. ಬೆನ್ನಿಗೆ ಚಕ್ಕುಲಿ ಡಬ್ಬಿ ಒತ್ತುತ್ತಿತ್ತು. ಹೆಂಡತಿ ಮನಸ್ಸು ಕರಗಿ ಒರಗಿದ್ದಾಳೆ ಎಂದುಕೊಂಡರು.

ಖಂಡಾಳಾ ಬಂತು. ಮರದ ನೆರಳಲ್ಲಿ ಗಾಡಿ ನಿಲ್ಲಿಸಿ, "ಇಳಿ ಪುಟ್ಟೂ, ಇಳಿದು ಕೆಳಗೆ ನೋಡು, ಎಲ್ಲಿಂದ ಎಲ್ಲಿಗೆ ಬಂದ್ವಿ ಅಂತ" ಎಂದು ತಿರುಗಿದರು.

ಚೀಲವಿತ್ತು.

ಒಂದು ಗಳಿಗೆ ಅವರು ಚೀಲವನ್ನೇ ನೋಡುತ್ತಾ ನಿಂತರು. ಎಲ್ಲಿ ಬಿದ್ದಳು? ಯಾವ ತಿರುವಿನಲ್ಲಿ? ಗಾಡಿ ತಿರುಗಿಸಿಕೊಂಡು, ರಸ್ತೆಯ ಎರಡೂ ಅಂಚು ನೋಡುತ್ತಾ, ಅವಳ ಹೆಸರು ಕೂಗುತ್ತಾ ಇಳಿದರು. ಎದುರಿಗೆ ಲೋಣಾವಳಾದ ಮದುವೆಯೊಂದಕ್ಕೆ ಹೊರಟಿದ್ದ ಬ್ಯಾಂಡಿನವರ ಟೆಂಪೊ ಏರಿ ಬಂದು ದಾಟಿಹೋಯಿತು. ಮುಂದಿನ ಸೀಟಿನಲ್ಲಿ ದೊಡ್ಡ ಡ್ರಮ್ಮೊಂದು ಕೂತಂತೆ ಕಂಡಿತು. ಅದರ ಹಿಂದಿನಿಂದ ಕೈಯೊಂದು ಹೊರಬಂದು ಬೀಸಿದ್ದನ್ನು ಅವರು ಗಮನಿಸಲಿಲ್ಲ.

ಖೋಪೋಲಿಯ ಚಹಾ ಅಂಗಡಿಯವನು ಇವರನ್ನು ಕಂಡು ನಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ. "ಅರೇ ಸಾಬ್, ಬಾಯಿ ತೋ ಬ್ಯಾಂಡ್‌ವಾಲೋಂ ಕೆ ಸಾಥ್ ಊಪರ್ ಗಯೀ!" ಪುಟ್ಟಲಕ್ಷ್ಮಿ ಬ್ಯಾಂಡಿನವರ ಟೆಂಪೊದಲ್ಲಿ ಆಗಲೇ ಮೇಲಕ್ಕೆ ಹೋಗಿದ್ದರು.

ಪುನಃ ಘಾಟಿ. ಗಾಡಿ ಈ ಸಲವೂ ಜಿಂಕೆಯಂತೆಯೇ ಏರಿತು. ಆದರೆ ವೆಂಕಟಸುಬ್ಬಯ್ಯನವರು ಒಂದು ಮಾತೂ ಆಡಲಿಲ್ಲ.

ಪುಟ್ಟಲಕ್ಷ್ಮಿ ಅದೇ ಮರದ ಕೆಳಗೆ, ತೊಡೆಯ ಮೇಲೆ ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದರು. ಕೆಂಪು ಕೋಟಿನ ಬ್ಯಾಂಡಿನವರು ಸುತ್ತ ನಿಂತು ಬೀಡಿ ಸೇದುತ್ತಿದ್ದರು. ಗಂಡ ಬಂದು ಎದುರಿಗೆ ನಿಂತಾಗ ಅವರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಗಂಡನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಪಾಪ, ಒಳ್ಳೇ ಜನ" ಎಂದರು ಪುಟ್ಟಲಕ್ಷ್ಮಿ. "ಎಲ್ಲೂ ನಿಲ್ಲದೆ ಹತ್ತಿಸಿದ್ರು. ಕೂತೇ ಬಂದೆ."

"ಪುಟ್ಟೂ, ನಾನು ನೀನು ಕೂತಿದ್ದೀಯ ಅಂತ..."

"ದಾರಿಯಲ್ಲಿ ಏನೇನು ಹೇಳಿದ್ರಿ?"

ವೆಂಕಟಸುಬ್ಬಯ್ಯನವರಿಗೆ ತಾವು ಆಡಿದ ಮಾತೆಲ್ಲ ನೆನಪಾಗಿ ಕಿವಿ ಕೆಂಪಗಾಯಿತು. "ಏನಿಲ್ಲ, ಗೇರಿನ ವಿಷಯ" ಎಂದರು. ಆದರೆ ತಡೆಯಲಾಗದೆ, "ಆದ್ರೂ ಎರಡು ಸಲ ನಿಲ್ಲದೆ ಹತ್ತಿತು ಕಣೆ. ಅದೇನೋ ಸರಿ. ಆದ್ರೆ ಲೋಡ್ ಇಲ್ಲದೆ ಹತ್ತಿದ್ದು ಲೆಕ್ಕಕ್ಕೆ ಬರಲ್ಲ. ಒಂದೇ ಒಂದು ಸಲ ಕೆಳಗೆ ಹೋಗಿ, ನಿನ್ನ ಕೂರಿಸ್ಕೊಂಡು..." ಎಂದರು.

ಪುಟ್ಟಲಕ್ಷ್ಮಿ ನೋಡಿದ ನೋಟಕ್ಕೆ ಬ್ಯಾಂಡಿನವನೊಬ್ಬ ಬೀಡಿ ಆರಿಸಿ ಟೆಂಪೊ ಹತ್ತಿದ.

ಪರೀಕ್ಷೆ ನಡೆದದ್ದು ಮರುದಿನ, ಪುಣೆ ದಾಟಿದ ಮೇಲೆ ಸಿಗುವ ಕಾತ್ರಜ್ ಘಾಟಿಯಲ್ಲಿ. ಈ ಸಲ ಹೊರಡುವ ಮೊದಲು ವೆಂಕಟಸುಬ್ಬಯ್ಯನವರು ಹಿಂದಕ್ಕೆ ಕೈಚಾಚಿ ಹೆಂಡತಿಯ ಮೊಣಕಾಲು ಮುಟ್ಟಿ ಖಾತ್ರಿ ಮಾಡಿಕೊಂಡರು. ಏರು ಶುರುವಾಯಿತು. ಮೂರನೇ ಗೇರು ಎರಡಕ್ಕೆ, ಎರಡು ಒಂದಕ್ಕೆ ಇಳಿಯಿತು. ಎಂಜಿನ್ ಆನೆಯ ಹಾಗೆ ದಮ್ಮು ಕಟ್ಟಿ, ಒಂದೊಂದೇ ಹೆಜ್ಜೆ ಇಟ್ಟಂತೆ ಹತ್ತತೊಡಗಿತು. ನಿಲ್ಲಲಿಲ್ಲ. ಆದರೆ ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದ ಒಬ್ಬ ಮನುಷ್ಯ ಅವರನ್ನು ಹಿಂದೆ ಹಾಕಿ, ತಿರುಗಿ ನೋಡಿ, ನಮಸ್ಕಾರ ಮಾಡಿ ಮುಂದೆ ಹೋದ.

"ನಡೆದಿದ್ರೆ ಇಷ್ಟು ಹೊತ್ತಿಗೆ ಮೇಲಿರ್ತಿದ್ದೆ" ಎಂದರು ಪುಟ್ಟಲಕ್ಷ್ಮಿ. ಈ ವೇಗದಲ್ಲಿ ಮಾತಾಡಿದರೆ ಅಪಾಯವಿಲ್ಲ ಎಂದು ಅವರಿಗೆ ಅನಿಸಿರಬೇಕು.

"ಇಳೀಬೇಡ! ನಿಲ್ಲಿಸಿದ್ರೆ ಮತ್ತೆ ಹೊರಡಲ್ಲ!"

"ನಾನೆಲ್ಲಿ ಇಳಿದೆ? ಚೆನ್ನಾಗೇ ಇದೆ."

ನಿಜವಾಗಿಯೂ ಚೆನ್ನಾಗಿತ್ತು. ಕೆಳಗೆ ಪುಣೆ ಬಿಸಿಲಲ್ಲಿ ಹರಡಿಕೊಂಡಿತ್ತು. ಅದನ್ನು ಅವರು ಕೂತು ನೋಡಿದ್ದು ಅದೇ ಮೊದಲು. ರಸ್ತೆಬದಿಯಲ್ಲಿ ಒಬ್ಬಾಕೆ ಮುತ್ತುಗದ ಎಲೆಯ ದೊನ್ನೆಗಳಲ್ಲಿ ಕವಳಿಹಣ್ಣು ಇಟ್ಟುಕೊಂಡಿದ್ದಳು. ಪುಟ್ಟಲಕ್ಷ್ಮಿ ಕೈಬೀಸಿ ಕರೆದರು. ಆಕೆ ಬುಟ್ಟಿ ತಲೆಗೇರಿಸಿ ಗಾಡಿಯ ಪಕ್ಕದಲ್ಲೇ ನಡೆಯುತ್ತಾ ಬಂದಳು. ಎರಡು ತಿರುವಿನವರೆಗೆ ಚೌಕಾಸಿ ನಡೆಯಿತು, ಒಬ್ಬರದು ಮರಾಠಿ, ಇನ್ನೊಬ್ಬರದು ಹಿಂದಿಯಂಥದ್ದು. ನಡುವೆ ಆಕೆ ಎಲ್ಲಿಗೆ ಹೊರಟಿರಿ ಎಂದು ಕೇಳಿದಳು. ಮೈಸೂರಿಗೆ ಎಂದಾಗ ಗಾಡಿಯನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಇನ್ನೂ ಎರಡು ಹಿಡಿ ಹಣ್ಣು ಹೆಚ್ಚಿಗೆ ಹಾಕಿದಳು.

ವೆಂಕಟಸುಬ್ಬಯ್ಯನವರು ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಎಂಜಿನ್ನಿನ ಸದ್ದಿಗೆ ಉಸಿರು ಬಿಗಿಹಿಡಿದು, ರಸ್ತೆಯನ್ನೇ ದಿಟ್ಟಿಸುತ್ತಿದ್ದರು. ಹಿಂದಿನಿಂದ ಒಂದು ಕವಳಿಹಣ್ಣು ಅವರ ಬಾಯಿಗೆ ಬಂತು.

"ಹುಳಿ" ಎಂದರು ಅವರು.

"ಎರಡನೇದು ಸಿಹಿಯಿರುತ್ತೆ. ಮುಂದೆ ನೋಡಿ" ಎಂದು ಪುಟ್ಟಲಕ್ಷ್ಮಿ ಇನ್ನೊಂದನ್ನು ಆರಿಸತೊಡಗಿದರು.